ಮುಂಗಾಲು ಆವತಿ ಕಡೆ, ಹಿಂಗಾಲು ಹೊಸಕೋಟೆ ಕಡೆ

ಎತ್ತು ಕೊಳ್ಳುವವರು ಅದರ ಬಾಯಿ ಬಿಡಿಸಿ ಹಲ್ಲು ನೋಡುವುದನ್ನು ನೀವೆಲ್ಲ ಕಂಡಿರುತ್ತೀರಿ. ಆದರೆ ಹಾಡಿನ ಹಲ್ಲು ನೋಡುವವರನ್ನು ಕಂಡಿದ್ದೀರಾ? ಇಲ್ಲ ತಾನೇ? ನಾನು ಕಂಡಿದ್ದೇನೆ! ಕಂಡಿದ್ದಷ್ಟೇ ಅಲ್ಲ, ವರ್ಷಗಟ್ಟಲೆ ಅವರಿಗೆ ಕಾಫಿ ಕಾಸಿಕೊಟ್ಟಿದ್ದೇನೆ. ಮೊಮ್ಮಗಳು ಈಗ ಫೋನಿನಲ್ಲಿ ಕನ್ನಡ ಒತ್ತುವುದನ್ನು ಹೇಳಿಕೊಟ್ಟಿದ್ದಾಳೆ. ಇನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರಲೇ?

ನಾನು ದೇವನಹಳ್ಳಿಗೆ ಸೊಸೆಯಾಗಿ ಬಂದಿದ್ದು ಅರವತ್ತರ ದಶಕದ ಕೊನೆಯಲ್ಲಿ. ನನ್ನ ಗಂಡನ ಚಿಕ್ಕಪ್ಪ, ಅಂದರೆ ನನಗೆ ಚಿಕ್ಕಮಾವ, ದನದ ದಲ್ಲಾಳಿ. ಮದುವೆ ಮಾಡಿಕೊಂಡವರಲ್ಲ. ಬೆಂಗಳೂರು ದಂಡು ಪ್ರದೇಶದಲ್ಲಿದ್ದ ಒಬ್ಬ ದೊರೆಸಾನಿ ದೇಶ ಬಿಟ್ಟು ಹೊರಟಾಗ ಆಕೆಯ ಎರಡು ಹಸುಗಳನ್ನು ಇವರು ಒಳ್ಳೆಯ ಮನೆಗೆ ಸೇರಿಸಿದರಂತೆ. ಆಕೆ ಸಂತೋಷಪಟ್ಟು ಒಂದು ಕರೆಂಟಿನ ಗ್ರಾಮಫೋನನ್ನೂ ಒಂದು ಪೆಟ್ಟಿಗೆ ಪ್ಲೇಟುಗಳನ್ನೂ ಕೊಟ್ಟುಬಿಟ್ಟಳು. ಎಲ್ಲಾ ಜಾಜ್! ನಮ್ಮ ಮನೆಯಲ್ಲಿ ಜಾಜ್ ಅಂದರೆ ತಿನ್ನುವುದೋ ಉಡುವುದೋ ಎಂದು ಯಾರಿಗೂ ತಿಳಿಯದು. ಪ್ಲೇಟಿನ ಹೆಸರು ಓದಲು ಇಂಗ್ಲಿಷ್ ಬರಬೇಕಲ್ಲ? ಹಾಗಾಗಿ ರಟ್ಟಿನ ಮೇಲಿನ ಚಿತ್ರವೇ ಹೆಸರಾಯಿತು. ಟೋಪಿಯವನು, ಬೆವರಿದವನು, ಕೆಂಪು ಕುರ್ಚಿ.

ಈ ಪ್ಲೇಟುಗಳ ಯೋಗ್ಯತೆ ಅಳೆಯಲು ಚಿಕ್ಕಮಾವನಿಗೆ ಒಬ್ಬ ಜೊತೆಗಾರರಿದ್ದರು. ಊರಾಚೆ ಚಕ್ಕೋತದ ತೋಟವಿದ್ದ ಅವರ ಬಾಲ್ಯದ ಗೆಳೆಯರು. ನಾವೆಲ್ಲ ತೋಟದವರು ಅನ್ನುತ್ತಿದ್ದೆವು. ಹೆಂಡತಿ ತೀರಿಕೊಂಡ ಮೇಲೆ ಅವರ ಬಾಯಿ ಕಟ್ಟಿಹೋಗಿತ್ತು. ಅವರ ಸೊಸೆ ನಮ್ಮತ್ತೆಯ ಮುಂದೆ ಕೂತು ಅಳುತ್ತಿದ್ದಳು: "ಮಾತೇ ಆಡಲ್ಲ ದೊಡ್ಡಮ್ಮಾ. ತಟ್ಟೆ ಮುಂದಿಟ್ರೆ ತಟ್ಟೆನೇ ನೋಡ್ತಾ ಕೂರ್ತಾರೆ. ಹಿಂಗೇ ಆದ್ರೆ ಎಷ್ಟು ದಿನ ತಡೀತಾರೆ, ಹೇಳಿ?"

ಅದಕ್ಕೇ ಚಿಕ್ಕಮಾವ ಪ್ರತಿ ಭಾನುವಾರ ಹೋಗಿ ಅವರನ್ನು ಕೈಹಿಡಿದು ಕರೆತರುತ್ತಿದ್ದರು. ನಡುಮನೆಯಲ್ಲಿ ಕೂರಿಸಿ ಪ್ಲೇಟಿನ ಮೇಲೆ ಮುಳ್ಳಿಡುತ್ತಿದ್ದರು. ಅಬ್ಬಬ್ಬಾ, ಆ ಸದ್ದು! ತುತ್ತೂರಿ ಬಾಲ ತುಳಿಸಿಕೊಂಡ ಬೆಕ್ಕಾಗುತ್ತಿತ್ತು. ಹಾಡುವವಳು ಹಸಿದ ಕೋಳಿಮರಿಯಾಗುತ್ತಿದ್ದಳು. ಹಿತ್ತಲಿನ ಹೇಂಟೆಯಂತೂ ತನ್ನ ಮರಿ ಯಾರೋ ಕದ್ದರೆಂದು ನಡುಮನೆಗೇ ನುಗ್ಗುತ್ತಿತ್ತು!

"ಯೋ, ಇದರ ನಡಿಗೆ ನೋಡಯ್ಯ," ಎಂದು ಚಿಕ್ಕಮಾವ ಶುರುಮಾಡುತ್ತಿದ್ದರು. "ಮುಂಗಾಲು ಆವತಿ ಕಡೆ, ಹಿಂಗಾಲು ಹೊಸಕೋಟೆ ಕಡೆ! ನೊಗಕ್ಕೆ ಕಟ್ಟಿದ್ರೆ ಗಾಡಿ ಹಳ್ಳಕ್ಕೆ."

ತೋಟದವರು ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೇಳಿ, "ಎಲ್ಲಾದಕ್ಕೂ ಕಾಲೇ ನೋಡ್ತೀಯಲ್ಲೋ. ಇದು ಹಣ್ಣಿನ ಜಾತಿ ಕಣಯ್ಯ. ಮೇಲೆ ಸಿಪ್ಪೆ ಕಹಿ, ಒಳಗೆ ತೊಳೆ ಬಿಡಿಸ್ಕೊಂಡು ತಿನ್ಬೇಕು," ಅನ್ನುತ್ತಿದ್ದರು.

"ಎಲ್ಲಯ್ಯ ತೊಳೆ? ಬರೀ ಬೀಜ!"

"ನಿನ್ನ ಕಿವಿನಲ್ಲಿರೋದು ಬೀಜ!"

ಹೀಗೆ ಹತ್ತಿಕೊಂಡರೆ ಊಟದ ಹೊತ್ತು ದಾಟುತ್ತಿತ್ತು. ನಮ್ಮತ್ತೆ ತಲೆ ಚಚ್ಚಿಕೊಂಡು, "ಏನಪ್ಪಾ ನಿಮ್ಮಿಬ್ರ ಗೋಳು! ಮೊದ್ಲು ಉಣ್ಣಿ," ಎಂದು ತಟ್ಟೆ ಇಡುತ್ತಿದ್ದರು. ತೋಟದವರು ಬಯ್ಯುತ್ತಾ ಬಯ್ಯುತ್ತಾ, ತಾನೇನು ಮಾಡುತ್ತಿದ್ದೇನೆಂಬ ಪರಿವೆಯೇ ಇಲ್ಲದೆ, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುತ್ತಿದ್ದರು. ಮನೆಯಲ್ಲಿ ತಟ್ಟೆ ನೋಡುತ್ತಾ ಕೂರುವ ಮನುಷ್ಯ ಇವರೇನಾ ಎಂದು ನನಗೆ ಆಶ್ಚರ್ಯ.

ಆದರೆ ನನ್ನ ತಲೆ ಕೆಡಿಸಿದ್ದು ಬೇರೆ. ಒಂದು ಭಾನುವಾರ ಚಿಕ್ಕಮಾವ ಟೋಪಿಯವನನ್ನು ಹಿಡಿದು ಝಾಡಿಸಿದರು. ತೋಟದವರು ಹೊಗಳಿದರು. ಮುಂದಿನ ವಾರ ಅದೇ ಟೋಪಿಯವನು, ಅದೇ ಕಿರುಚಾಟ! ತೋಟದವರು, "ಇವತ್ತು ಯಾಕೋ ಸಪ್ಪೆ," ಅಂದದ್ದೇ ತಡ, ಚಿಕ್ಕಮಾವ, "ಏನಂದೆ? ಇಂಥ ಅದೃಷ್ಟದ ಸುಳಿ ಇರೋ ಹೋರಿ ತಾಲ್ಲೂಕಲ್ಲೇ ಇಲ್ಲ ಕಣಯ್ಯ!" ಎಂದು ತೊಡೆ ತಟ್ಟಿದರು. ನಾನು ಕಾಫಿ ಲೋಟ ಹಿಡಿದು ಬೆಪ್ಪಾಗಿ ನಿಂತೆ. ಹೋದ ವಾರ ಕುಂಟನಾಗಿದ್ದವನು ಈ ವಾರ ಹೋರಿಯಾದದ್ದು ಹೇಗೆ? ಜಾಜ್ ಕೆಟ್ಟಿದೆಯೋ, ಮಾವನ ತಲೆ ಕೆಟ್ಟಿದೆಯೋ, ನನ್ನದೋ?

ಅಷ್ಟರಲ್ಲಿ ಒಂದು ಭಾನುವಾರ ಬೆಂಗಳೂರಿನಿಂದ ನಾದಿನಿಯ ಗಂಡ ಬಂದರು. ಅವರು ಒಂದು ನಿಮಿಷ ಕೇಳಿ, ಕಿವಿ ಮುಚ್ಚಿಕೊಂಡು ನಕ್ಕರು.

"ಮಾವ, ಇದು ನಿಧಾನವಾಗಿ ತಿರುಗೋ ಪ್ಲೇಟು. ನೀವು ಹಳೇ ಪ್ಲೇಟಿನ ವೇಗಕ್ಕೆ ಇಟ್ಟು ಓಡಿಸ್ತಿದ್ದೀರಿ!" ಎಂದು ಮಷೀನಿನ ಪಕ್ಕದ ಸಣ್ಣ ಹಿಡಿಯನ್ನು ಸರಿಸಿದರು.

ಅಯ್ಯೋ, ಇಷ್ಟು ವರ್ಷ ನಾವು ಕೇಳಿದ್ದು ಜಾಜ್ ಓಡಿಹೋಗುವ ಸದ್ದನ್ನೇ! ಈಗ ಬೆಕ್ಕು ಹೋಯಿತು, ಕೋಳಿಮರಿ ಹೋಯಿತು. ಸಂಜೆ ಜಗಲಿಯಲ್ಲಿ ಒಬ್ಬರೇ ಕೂತು ಯಾರನ್ನೋ ನೆನೆಸಿಕೊಂಡ ಹಾಗೆ ತುತ್ತೂರಿ ಮೆಲ್ಲಗೆ ನುಡಿಯಿತು. ಹೇಂಟೆ ಕೂಡ ಬಾಗಿಲಲ್ಲೇ ನಿಂತಿತು. ಮುಳ್ಳು ಕೊನೆ ಮುಟ್ಟಿತು.

"ಚೆನ್ನಾಗೈತೆ," ಅಂದರು ತೋಟದವರು.

"ಹೂಂ ಕಣಯ್ಯ. ಚೆನ್ನಾಗೈತೆ," ಅಂದರು ಚಿಕ್ಕಮಾವ.

ಅಷ್ಟೇ! ಇನ್ನು ಹೇಳಲು ಏನಿದೆ? ನಡುಮನೆ ಭಣಭಣ. ತೋಟದವರು ನೆಲ ನೋಡಿದರು, ಗೋಡೆ ನೋಡಿದರು. ಮುಖ ಮತ್ತೆ ಮುಚ್ಚಿಕೊಂಡಿತು. ಟವೆಲ್ ಕೊಡವಿ ಹೆಗಲಿಗೆ ಹಾಕಿ ಎದ್ದುಬಿಟ್ಟರು. "ಮುದ್ದೆ ಆಯ್ತಪ್ಪಾ, ಕೂತ್ಕೊಳ್ಳಿ," ಎಂದು ಅತ್ತೆ ಒಳಗಿನಿಂದ ಕೂಗಿದರೆ, "ಹಸಿವಿಲ್ಲ ಕಣವ್ವಾ," ಎಂದು ಹೊಸ್ತಿಲಿಗೆ ಕಾಲಿಟ್ಟರು.

ಚಿಕ್ಕಮಾವ ದಡಬಡಿಸಿ ಎದ್ದು, ಆ ಹಿಡಿಯನ್ನು ಮೊದಲಿದ್ದ ಕಡೆಗೇ ತಳ್ಳಿ ಮುಳ್ಳಿಟ್ಟರು. ಕೀಚಕೀಚ!

"ಯೋ, ಬಾರಯ್ಯ ಇಲ್ಲಿ! ಅಳಿಯಂದ್ರು ಬೆಂಗಳೂರಿನವ್ರು, ಅವರಿಗೇನು ಗೊತ್ತು ನಡಿಗೆ? ಇದೇ ಸರಿ. ಆಗಿನದು ಮುದಿ ಎತ್ತು!"

ತೋಟದವರು ಹೊಸ್ತಿಲಿಂದ ತಿರುಗಿದರು. "ಮುದಿ ಎತ್ತಾ? ಕಣ್ಣಲ್ಲಿ ನೀರು ಬರ್ಸಿತು ಕಣೋ ಅದು! ನಿಂಗೇನಾರ ಬುದ್ಧಿ ಐತಾ?" ಎಂದು ಬಂದು ದೊಪ್ಪನೆ ಕೂತರು. ಟವೆಲ್ ನೆಲಕ್ಕೆ ಬಿತ್ತು, ಜಗಳ ಹತ್ತಿತು. ಬೆಂಗಳೂರಿನ ಅಳಿಯ ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಅತ್ತೆ ಲಗುಬಗೆಯಿಂದ ತಟ್ಟೆ ಹಾಕಿದರು.

ಚಿಕ್ಕಮಾವ ಕೈ ತೊಳೆಯಲು ಹಿತ್ತಲಿಗೆ ಬಂದಾಗ ನಾನು ತಡೆಯಲಾರದೆ ಕೇಳಿಯೇಬಿಟ್ಟೆ. "ಅಲ್ಲಾ ಮಾವ, ಅಷ್ಟು ಚೆನ್ನಾಗಿ ಬರ್ತಿದ್ದ ಹಾಡನ್ನ ಬೇಕಂತ್ಲೇ ಯಾಕೆ ಕೆಡಿಸಿದ್ರಿ?"

ಅವರು ಒಮ್ಮೆ ನಡುಮನೆಯ ಕಡೆ ನೋಡಿ, ದನಿ ತಗ್ಗಿಸಿ ಗದರಿದರು:

"ಹಾಡು ಕಟ್ಕೊಂಡು ನಂಗೇನವ್ವಾ ಆಗ್ಬೇಕು? ಹೋಗು, ಬೈಯೋ ಭರದಲ್ಲಿದ್ದಾನೆ, ಇನ್ನೊಂದು ಮುದ್ದೆ ಹಾಕ್ಬಿಡು ಅವನ ತಟ್ಟೆಗೆ!"