ಬಂಗಡೆಯ ಜೊತೆ ಒಣಗಿದ ಅಮೆರಿಕದವನು

ಆ ಸಂಜೆಯಲ್ಲಿ ವಿಶೇಷವೇನೂ ಇರಲಿಲ್ಲ. ಅವರ್ಸಾದ ನಮ್ಮ ಮನೆಯ ಜಗಲಿಯಲ್ಲಿ ನಾನು ಬಂಗಡೆ ಕೊಯ್ಯುತ್ತಿದ್ದೆ. ಯಜಮಾನರು ಟೇಪ್‌ರೆಕಾರ್ಡರ್ ಪಕ್ಕ ಕಣ್ಣು ಮುಚ್ಚಿ ಕುಳಿತಿದ್ದರು. ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದಾಗ ಯಾವುದೋ ಬಂದರಿನಲ್ಲಿ ಕೊಂಡ ಕ್ಯಾಸೆಟ್ ಅದು. ಅಗಲ ಟೊಪ್ಪಿಯ ಅಮೆರಿಕದವನೊಬ್ಬ ಹೆಸರು ಮಾಡುವ ಮೊದಲು ಹಾಡಿದ ಹಾಡುಗಳು.

“ಇವನ ಆಮೇಲಿನ ಹಾಡು ಕೇಳೂಕಾಗೂದಿಲ್ಲ. ದುಡ್ಡು ಬಂತು, ಹಿಂದೆ ಪಿಟೀಲಿನ ದಂಡೇ ಬಂತು. ಇದ್ರಲ್ಲಿ ನೋಡು, ಒಂದು ಗಿಟಾರು, ಒಂದು ಪಿಟೀಲು, ಅವನ ಗಂಟಲು. ಅಷ್ಟೇ!” ಎಂದರು.

“ಅಷ್ಟು ಅಳೂದೆಂತಕ್ಕೆ?”

“ಹೆಂಡ್ತಿ ಬಿಟ್ಟು ಹೋದ್ಲು. ಶರಾಬು ಅಂಗಡೀಲಿ ಕೂತು ಅಳ್ತಾನೆ.”

“ನಿಮ್ಮ ಹೆಂಡ್ತಿ ಇಲ್ಲೇ ಮೀನು ಕೊಯ್ತಾ ಕೂತಿದ್ದಾಳಲ್ಲ, ನಿಮಗೆಂತ ಸಂಕಟ?”

“ಅದೇ ಸಂಕಟ!”

ಮರುದಿನ ಬೆಳಿಗ್ಗೆ ಅವರು ಏಳಲಿಲ್ಲ.

ವರ್ಷದ ಕಾರ್ಯ ಹತ್ತಿರ ಬಂದಾಗ, ಊಟಕ್ಕೆ ಬಂದವರಿಗೆಲ್ಲ ಆ ಹಾಡು ಕೇಳಿಸಲೇಬೇಕೆಂದು ನಿಶ್ಚಯಿಸಿದೆ. ಪೆಟ್ಟಿಗೆ ತೆರೆದರೆ, ಮಳೆಗಾಲದ ತೇವಕ್ಕೆ ಟೇಪಿನ ತುಂಬ ಬಿಳಿ ಬೂಷ್ಟು! ಅಂಕೋಲೆಯ ಅಂಗಡಿಯವನು, “ಈಗೆಲ್ಲ ಸಿಡಿ, ಅಮ್ಮಾ. ಇದನ್ನ ಯಾರು ಕೇಳ್ತಾರೆ?” ಎಂದು ಕೈಯಲ್ಲಾಡಿಸಿದ.

ನಾನು ಹೆದರಲಿಲ್ಲ. ಒಣಮೀನಿಗೆ ಬೂಷ್ಟು ಬಂದರೆ ಏನು ಮಾಡಬೇಕೆಂದು ನಮ್ಮ ವಂಶಕ್ಕೆ ಯಾರೂ ಕಲಿಸಬೇಕಾಗಿಲ್ಲ. ಬಿಸಿಲು! ಸ್ಕ್ರೂ ಬಿಚ್ಚಿ, ಟೇಪನ್ನು ಪೂರ್ತಿ ಹೊರಗೆಳೆದು, ಅಂಗಳದ ಚಾಪೆಯ ಮೇಲೆ ಉಪ್ಪು ಹಾಕಿದ ಬಂಗಡೆಗಳ ಪಕ್ಕದಲ್ಲೇ ಶಾಸ್ತ್ರೋಕ್ತವಾಗಿ ಹರವಿದೆ.

ಪಕ್ಕದ ಮನೆಯ ಸಾವಿತ್ರಿ ಬೇಲಿಯಿಂದ ಇಣುಕಿದಳು. “ಇದ್ಯಾವ ಮೀನೇ ಅಕ್ಕಾ?”

“ಅಮೆರಿಕದ್ದು!”

ಗಾಳಿ ಎದ್ದಿತು. ಟೇಪೂ ಎದ್ದಿತು. ಒಂದು ತುದಿಯನ್ನು ಬೆಕ್ಕು ಹಿಡಿಯಿತು. ಇನ್ನೊಂದನ್ನು ಮೀನೆಂದು ನಂಬಿದ ಕಾಗೆಯೊಂದು ತೆಂಗಿನಮರಕ್ಕೆ ಒಯ್ದಿತು. ಮರದಿಂದ ಸಾವಿತ್ರಿಯ ಮನೆಯ ಮಾಡಿನವರೆಗೆ ಹಾಡುಗಾರ ಪಳಪಳ ಹೊಳೆಯುತ್ತ ಪಟಪಟ ಬಡಿದುಕೊಂಡ. ಆ ಸದ್ದಿಗೆ ಕೇರಿಯ ಕಾಗೆಗಳೆಲ್ಲ ಪರಾರಿ!

ನಾನು ಕೋಲು ಹಿಡಿದು ಓಡಿದರೆ, ಸಾವಿತ್ರಿ ಕೈ ಹಿಡಿದು ನಿಲ್ಲಿಸಿದಳು. “ಬಿಡೇ ಮಾರಾಯ್ತಿ! ಮೀನು ಒಣಗೂವರೆಗಾದ್ರೂ ಇರ್ಲಿ. ನಮ್ಮ ಅಂಗಳಕ್ಕೂ ಒಂದು ಮಾರು ಕತ್ತರಿಸಿ ಕೊಡು.”

“ಅದು ಅವರ ಹಾಡು ಸಾವಿತ್ರೀ!”

ಅವಳ ಮುಖ ಬದಲಾಯಿತು. ಓಡಿಹೋಗಿ ಏಣಿ ತಂದಳು. ಸಂಜೆಯವರೆಗೆ ಇಬ್ಬರೂ ಸೇರಿ ಬಿಡಿಸಿದೆವು, ಸೀರೆಯ ಸೆರಗಿನಿಂದ ಒರೆಸಿದೆವು, ಪೆನ್ಸಿಲ್ ತಿರುಗಿಸಿ ಸುತ್ತಿದೆವು. ನಡುವೆ ನಕ್ಕು ನಕ್ಕು ಸಾಕಾಯಿತು. ಎಲ್ಲೋ ಟೇಪು ಒಳಹೊರಗಾಗಿ ಮಗುಚಿಕೊಂಡದ್ದು ಇಬ್ಬರಿಗೂ ತಿಳಿಯಲಿಲ್ಲ.

ಕಾರ್ಯದ ದಿನ ಊಟವಾದ ಮೇಲೆ, ಗಂಭೀರವಾಗಿ ನಾಲ್ಕು ಮಾತಾಡಿ ಗುಂಡಿ ಒತ್ತಿದೆ. ಕಂಬಳಿ ಹೊದ್ದು ಹಾಡಿದಂತೆ ಧ್ವನಿ ಬಂತು. ಹಾಡು ಕೊನೆಯಿಂದ ಶುರುವಾಗಿ ಮೊದಲಿನ ಕಡೆಗೆ ಹೊರಟಿತ್ತು. ಅಮೆರಿಕದವನು ಪದಗಳನ್ನು ಉಗುಳುವ ಬದಲು ನುಂಗುತ್ತಿದ್ದ!

ನಿಲ್ಲಿಸಲೆಂದು ಗುಂಡಿಗೆ ಕೈ ಹಾಕಿದೆ. ಆದರೆ ಯಾರೂ ಕದಲಲಿಲ್ಲ. ಹಬ್ಬುವಾಡದಿಂದ ಬಂದಿದ್ದ ಯಜಮಾನರ ಅಣ್ಣ ತಲೆದೂಗಿದರು. “ಎಂಥಾ ಇಂಗ್ಲಿಷು! ನಮ್ಮಂಥವರಿಗೆ ತಿಳಿಯೂದಲ್ಲ.” ಸಾವಿತ್ರಿ ಕಣ್ಣೊರೆಸಿಕೊಂಡಳು. ಎಲ್ಲರೂ ಇನ್ನೊಮ್ಮೆ ಹಾಕಲು ಹೇಳಿದರು. ಹಾಕಿದೆ.

ಹಾಡುಗಾರನನ್ನು ಹಿಂದುಮುಂದಾಗಿ ಹಾಡಿಸಿದ ಅವರ್ಸಾದ ಮೊದಲ ಮಹಿಳೆ ಎಂಬ ಕೀರ್ತಿ ಹೀಗೆ ನನಗೆ ಸಂದಿತು. ಆ ಹಾಡು ತಪ್ಪೆಂದು ಹೇಳಬಲ್ಲವರು ನಮ್ಮ ಮನೆಯಲ್ಲಿ ಒಬ್ಬರೇ ಇದ್ದರು.

ಅವರಿಲ್ಲ.