ಬ್ಯಾಟರಿ ಚೆನ್ನಾಗೇ ಇದೆ

ತುಮಕೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಬೆಳಗ್ಗೆ ಷಟರ್ ಎತ್ತಿದರೆ ಸಾಕು, ಅದು ತಾನಾಗಿ ಮೆಟ್ಟಿಲು ಹತ್ತಿ ಬರುತ್ತದೆ. ಬಂದವರ ಮಾತು ಒಂದೇ: "ಬ್ಯಾಟರಿ ನಿಲ್ತಿಲ್ಲ, ಹೊಸದು ಹಾಕಿ." ನನ್ನ ಉತ್ತರವೂ ಒಂದೇ: "ಬ್ಯಾಟರಿ ಚೆನ್ನಾಗೇ ಇದೆ. ಯಾವುದೋ ಆ್ಯಪ್ ನಿಮಗೆ ಗೊತ್ತಿಲ್ಲದ ಹಾಗೆ ಒಳಗೊಳಗೇ ಕೆಲಸ ಮಾಡ್ತಿದೆ." ಇದನ್ನು ಯಾರೂ ನಂಬುವುದಿಲ್ಲ. ಇಂಜೆಕ್ಷನ್ ಕೊಡದೆ ಕಳಿಸುವ ಡಾಕ್ಟರನ್ನು ನೋಡುವ ಹಾಗೆ ನನ್ನನ್ನು ನೋಡುತ್ತಾರೆ.

ನಂಬದವರ ಸಾಲಿನಲ್ಲಿ ಮೊದಲು ನಿಂತವರು ಗುಬ್ಬಿಯ ನನ್ನ ಮಾವ, ಅಂದರೆ ಹೆಂಡತಿಯ ತಂದೆ. ಲೈನ್‌ಮನ್ ಆಗಿ ರಿಟೈರ್ ಆದವರು, ಈಗ ತೆಂಗಿನ ತೋಟ ನೋಡಿಕೊಳ್ಳುತ್ತಾರೆ. ಬಸ್ ಸ್ಟ್ಯಾಂಡ್ ಹತ್ತಿರ ಅವರದೊಂದು ಮಳಿಗೆ ಖಾಲಿ ಬಿದ್ದಿತ್ತು. ಅಲ್ಲೊಂದು ಅಂಗಡಿ ತೆರೆಯಬೇಕೆಂದು ನನಗೆ ಎರಡು ವರ್ಷದಿಂದ ಆಸೆ. ಒಬ್ಬ ಬೇಕರಿಯವರಿಗೂ ಅದರ ಮೇಲೆ ಕಣ್ಣು.

ಯುಗಾದಿ ಊಟಕ್ಕೆ ನೆಂಟರೆಲ್ಲ ಸಾಲಾಗಿ ಕೂತಿದ್ದೆವು. ಎಲ್ಲರ ಎಲೆಯಲ್ಲೂ ಹೋಳಿಗೆ, ಮಾವನ ಎಲೆಯಲ್ಲಿ ಮಾತ್ರ ಇಲ್ಲ. ಅವರಿಗೆ ಶುಗರ್, ಅತ್ತೆಯದು ಬಿಗಿ ಕಾವಲು. ಆ ಸಿಟ್ಟಿಗೋ ಏನೋ, ಮಾವ ತಮ್ಮ ಫೋನನ್ನು ನನ್ನ ಎಲೆ ಪಕ್ಕ ಇಟ್ಟರು. "ಅಳಿಯಂದ್ರೇ, ಇದು ಮಧ್ಯಾಹ್ನಕ್ಕೆಲ್ಲ ಮಲ್ಕೊಂಡ್ಬಿಡುತ್ತೆ. ಸರಿ ಮಾಡ್ಕೊಟ್ರೆ ಮಳಿಗೆ ಬೀಗದ ಕೈ ನಿಮ್ಗೆ. ಆಗ್ಲಿಲ್ವಾ, ಬೇಕರಿಯವ್ರಿಗೆ. ಊರಾಚೆ ಲೈನಲ್ಲಿ ಕಂಬ ಕಂಬ ಹತ್ತಿ ಫಾಲ್ಟ್ ಹಿಡಿದೋನು ನಾನು. ನಿಮ್ದು ಅಂಗೈಯಗಲದ ಡಬ್ಬ."

ನೆಂಟರು ನಕ್ಕರು. ನಾನೂ ನಕ್ಕು ಫೋನನ್ನು ಜೇಬಿಗೆ ಹಾಕಿಕೊಂಡೆ. ಮಾವನ ಫೋನಿನ ಕಥೆಗೆ ಆಮೇಲೆ ಬರುತ್ತೇನೆ. ಅದಕ್ಕೂ ಮುಂಚೆ, ನನ್ನ ಮಾತು ಸುಳ್ಳಲ್ಲ ಎನ್ನುವುದಕ್ಕೆ ಒಂದೆರಡು ಸಾಕ್ಷಿ ಕೊಡಬೇಕು.

ಕರೆಂಟ್ ಕಾಯುವ ಫೋನು

ಹುಲಿಯೂರುದುರ್ಗದ ಕಡೆಯ ರೈತರೊಬ್ಬರು ಬೆಳಗಿನ ಬಸ್ಸಿಗೆ ಬಂದಿದ್ದರು. "ಬೆಳಿಗ್ಗೆ ನೂರು ಇರ್ತದೆ ಸಾಮಿ, ಮಧ್ಯಾನಕ್ಕೆ ಹತ್ತು. ಕೊಡ ತೂತು ಬಿದ್ದಂಗೆ" ಎಂದರು.

ಯಾವ ಆ್ಯಪ್ ಎಷ್ಟು ಬ್ಯಾಟರಿ ತಿಂದಿದೆ ಎಂಬ ಪಟ್ಟಿ ಫೋನಿನ ಒಳಗೇ ಇರುತ್ತದೆ. ತೆಗೆದು ನೋಡಿದೆ. ಬೋರ್‌ವೆಲ್ ಮೋಟರಿನ ಆ್ಯಪ್ ಎಲ್ಲಕ್ಕಿಂತ ಮೇಲೆ ಕೂತಿತ್ತು. ಹೊಲಕ್ಕೆ ತ್ರೀ ಫೇಸ್ ಕರೆಂಟ್ ಬಂತಾ, ಬಂತಾ ಎಂದು ಅದು ದಿನವಿಡೀ ಕೇಳುತ್ತಲೇ ಇತ್ತು. "ಇದೇ ಕಳ್ಳ" ಎಂದು ಹೇಳಿ, ತೆರೆದಾಗ ಮಾತ್ರ ಕೆಲಸ ಮಾಡುವ ಹಾಗೆ ಅದನ್ನು ಕಟ್ಟಿಹಾಕಿ ಕಳಿಸಿದೆ. ಆ ದಿನವೆಲ್ಲ ನನಗೆ ನನ್ನ ಮೇಲೇ ಬಹಳ ಗೌರವ ಇತ್ತು.

ಎರಡೇ ದಿನಕ್ಕೆ ಬಂದರು. "ಬ್ಯಾಟ್ರಿ ಸಂದಾಕೈತೆ. ಸಂಜೆಗೂ ಎಂಬತ್ತು."

"ಒಳ್ಳೇದಾಯ್ತಲ್ಲ."

"ಏನೊಳ್ಳೇದು? ಕರೆಂಟ್ ಬಂದು ಮೂರು ಗಂಟೆ ಇದ್ದು ಒಂಟೋಯ್ತು. ಫೋನು ತುಟಿಪಿಟಕ್ ಅನ್ನಲಿಲ್ಲ. ಸಸಿಗಳು ಬಾಯಿ ಬುಟ್ಕೊಂಡು ಕುಂತವೆ."

ಕಟ್ಟಿದ್ದನ್ನು ಬಿಚ್ಚಿದೆ. ಜೊತೆಗೆ ಒಂದು ಉಪಾಯವನ್ನೂ ಹೇಳಿದೆ: "ಮೋಟರ್ ಮನೆಯಲ್ಲೇ ಫೋನನ್ನ ಚಾರ್ಜಿಗೆ ಹಾಕಿಡಿ."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಚಾರ್ಜಿಗೆ ಹಾಕಕ್ಕೆ ಅಲ್ಲಿ ಕರೆಂಟ್ ಬರ್ಬೇಕು. ಕರೆಂಟ್ ಬಂತಾ ಅಂತ ತಿಳಿಯಕ್ಕೆ ಫೋನ್ ಉಸಿರಾಡ್ತಿರ್ಬೇಕು. ನೀವು ಓದಿರೋರು, ಯಾವ್ದು ಮೊದ್ಲು ಮಾಡ್ಲಿ ಹೇಳಿ."

ಮೇಷ್ಟರ ಮೂವರು ಕಾವಲುಗಾರರು

ಕುಣಿಗಲ್ಲಿನ ಹೈಸ್ಕೂಲ್ ಮೇಷ್ಟರೊಬ್ಬರು ಫೋನಿನ ವಿಷಯದಲ್ಲಿ ಮಹಾ ಶಿಸ್ತಿನವರು. ನನ್ನೊಡನೆ ಮಾತಾಡುತ್ತಲೇ ಎರಡು ನಿಮಿಷಕ್ಕೊಮ್ಮೆ ತೆರೆದ ಆ್ಯಪ್‌ಗಳನ್ನೆಲ್ಲ ಬೆರಳಿನಿಂದ ಮೇಲಕ್ಕೆ ತಳ್ಳಿ ಮುಚ್ಚುತ್ತಿದ್ದರು. "ಇಷ್ಟು ಕಟ್ಟುನಿಟ್ಟಾಗಿ ಇಟ್ಕೊಂಡ್ರೂ ಬ್ಯಾಟರಿ ನಿಲ್ತಿಲ್ಲವಲ್ರೀ" ಎಂಬುದು ಅವರ ದೂರು.

ಪಟ್ಟಿ ತೆಗೆದರೆ ಒಳಗೆ ಬ್ಯಾಟರಿ ಉಳಿಸುವ ಆ್ಯಪ್ ಒಂದಲ್ಲ, ಮೂರು. ಮೊದಲನೆಯದು ಎರಡನೆಯದನ್ನು ಮುಚ್ಚುತ್ತಿತ್ತು, ಎರಡನೆಯದು ಎದ್ದು ಮೂರನೆಯದನ್ನು ಮುಚ್ಚುತ್ತಿತ್ತು, ಮೂರನೆಯದು ಇಬ್ಬರಿಗೂ ಜಾಹೀರಾತು ತೋರಿಸುತ್ತಿತ್ತು. ಚಾರ್ಜೆಲ್ಲ ಈ ಜಗಳಕ್ಕೇ ಹೋಗುತ್ತಿತ್ತು.

"ಮೂರನ್ನೂ ತೆಗೆದುಬಿಡ್ತೀನಿ ಸಾರ್."

"ಮೂರನ್ನೂನಾ? ಮನೆಗೆ ಒಬ್ಬನಾದ್ರೂ ಕಾವಲು ಬೇಡ್ವೇನ್ರೀ?" ಎಂದು ಅಳುಮುಖ ಮಾಡಿದರು. ಪಾಪ ಅನ್ನಿಸಿ ಎರಡನ್ನು ತೆಗೆದು, ಒಂದನ್ನು ಅಲುಗಾಡದ ಹಾಗೆ ಮಲಗಿಸಿ ಬಿಟ್ಟೆ.

ವಾರದ ನಂತರ ಸ್ಟಾಫ್ ರೂಮಿನ ನಾಲ್ಕು ಜನರನ್ನು ಕರೆದುಕೊಂಡು ಬಂದರು. ನನ್ನ ಕೆಲಸ ಮೆಚ್ಚಿ ಗಿರಾಕಿ ತಂದಿದ್ದಾರೆಂದು ಎಲ್ಲರಿಗೂ ಕಾಫಿ ಹೇಳಿದೆ. ಮೇಷ್ಟರು ಫೋನ್ ಎತ್ತಿ ಹಿಡಿದು, ಮಲಗಿದ್ದ ಆ ಆ್ಯಪನ್ನು ತೋರಿಸಿ ಹೇಳಿದರು: "ಅವತ್ತು ಇವರ ಮಾತು ಕೇಳಿ ಇದನ್ನೂ ತೆಗೆಸಿದ್ರೆ ನಾನು ಕೆಡ್ತಿದ್ದೆ. ನೋಡಿ, ಒಂದೇ ಆ್ಯಪ್ ಹೆಂಗೆ ಬ್ಯಾಟರಿ ಹಿಡಿದು ನಿಲ್ಲಿಸಿದೆ. ನೀವೂ ಇದನ್ನೇ ಹಾಕಿಸ್ಕೊಳ್ಳಿ."

ಯಾರಿಗೂ ಕೇಳದ ಭಜನೆ

ಕ್ಯಾತ್ಸಂದ್ರದ ಒಂದು ಹಾಸ್ಟೆಲ್ಲಿನ ಅಡುಗೆಯವರು. ಬೆಳಗಿನ ಹೊತ್ತು ಒಲೆ ಹಚ್ಚುವಾಗ ಫೋನಿನಲ್ಲಿ ಭಜನೆ ಹಾಕುವುದು ಅವರ ಪದ್ಧತಿ. ಪರೀಕ್ಷೆ ಹತ್ತಿರ ಬಂತು, ಸೌಂಡು ಕಮ್ಮಿ ಮಾಡಿ ಎಂದು ಹುಡುಗರು ಬೇಡಿಕೊಂಡರಂತೆ. ಇವರು ಕಮ್ಮಿ ಮಾಡುತ್ತಾ ಮಾಡುತ್ತಾ ಸೊನ್ನೆಗೆ ತಂದು, ನಿಲ್ಲಿಸಿದೆ ಎಂದುಕೊಂಡು ಫೋನನ್ನು ಜೇಬಿಗೆ ಹಾಕಿದ್ದಾರೆ. ಭಜನೆ ನಿಂತಿರಲಿಲ್ಲ. ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಶುರುವಾಗುತ್ತಾ ಹದಿನೈದು ದಿನ ಜೇಬಿನೊಳಗೇ ನಡೆದಿತ್ತು.

ವಿಷಯ ಹೇಳಿ ನಿಲ್ಲಿಸಿದೆ. ಅವರು ಗಂಭೀರವಾಗಿ ಯೋಚನೆ ಮಾಡಿ ಕೇಳಿದರು: "ಅಲ್ಲಾ ಸಾರ್, ಹದಿನೈದು ದಿವಸ ಎದೆ ಹತ್ರನೇ ಭಜನೆ ಆಗಿದೆ. ಕಿವಿಗೆ ಬೀಳ್ಲಿಲ್ಲ ನಿಜ. ಅರ್ಧ ಪುಣ್ಯನಾದ್ರೂ ಬರಲ್ವಾ?"

ಅದು ನಮ್ಮ ಅಂಗಡಿಯಲ್ಲಿ ರಿಪೇರಿ ಆಗುವುದಿಲ್ಲ ಎಂದೆ.

ಪಟ್ಟಿಯಲ್ಲಿ ಸಿಕ್ಕ ಅತ್ತೆ

ಈಗ ಮಾವನ ಫೋನು. ಯುಗಾದಿಯ ಮರುದಿನವೇ ಅದರ ಪಟ್ಟಿ ತೆಗೆದೆ. ಮೇಲೆ ಕೂತಿದ್ದದ್ದು ಇರುವ ಜಾಗವನ್ನು ಇನ್ನೊಬ್ಬರಿಗೆ ತೋರಿಸುತ್ತಿರುವ ಆ್ಯಪ್. ಯಾರಿಗೆ ಎಂದು ನೋಡಿದರೆ ಅತ್ತೆಯ ನಂಬರು. ಅತ್ತೆಗೆ ಇದೆಲ್ಲ ಎಲ್ಲಿ ಬರಬೇಕು ಎಂದುಕೊಂಡು ಹೆಂಡತಿಯ ಮುಖ ನೋಡಿದೆ.

"ನಾನೇ ಹಾಕ್ಕೊಟ್ಟಿದ್ದು" ಎಂದಳು. "ತೋಟಕ್ಕೆ ಹೋಗ್ತೀನಿ ಅಂತ ಹೇಳಿ ಅಪ್ಪ ಹೋಟ್ಲಲ್ಲಿ ಕೂತು ಜಹಾಂಗೀರ್ ತಿಂತಿದ್ರು. ಈಗ ಅಮ್ಮ ಮನೇಲೇ ಕೂತು ನೋಡ್ತಾರೆ. ಮೂರು ತಿಂಗ್ಳಿಂದ ತೋಟ ಬಿಟ್ಟು ಅಲ್ಲಾಡಿಲ್ಲ. ನೀವದನ್ನ ತೆಗೆದ್ರೆ ನೋಡಿ ಮತ್ತೆ."

ತೆಗೆದರೆ ಅತ್ತೆ, ಹೆಂಡತಿ ಇಬ್ಬರೂ ನನ್ನನ್ನು ಮನೆಗೆ ಸೇರಿಸುವುದಿಲ್ಲ. ತೆಗೆಯದಿದ್ದರೆ ಮಳಿಗೆಯಲ್ಲಿ ಬೇಕರಿ. ಬೇರೆ ಆ್ಯಪ್‌ಗಳನ್ನೆಲ್ಲ ಮಲಗಿಸಿ, ಬೆಳಕು ಕಮ್ಮಿ ಮಾಡಿ ಕೊಟ್ಟುಬಂದೆ. ಮೂರನೇ ದಿನ ಮಾವ ನನ್ನ ಹೆಂಡತಿಯ ಫೋನಿಗೆ ಕರೆ ಮಾಡಿ, ನನಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ಮೊದ್ಲು ಹನ್ನೆರಡಕ್ಕೆ ಮಲಗ್ತಿತ್ತು. ಈಗ ಹನ್ನೆರಡೂವರೆ. ಕೂತಲ್ಲಿ ಫಾಲ್ಟ್ ಸಿಗಲ್ಲ ಅಂತ ಹೇಳಮ್ಮ ನಿಮ್ಮನೆಯವ್ರಿಗೆ. ಲೈನ್ ಹಿಡ್ಕೊಂಡು ನಡೀಬೇಕು."

ಮೊಳೆಗೆ ನೇತುಹಾಕಿದ ಫಾಲ್ಟು

ಮಾತು ಚುಚ್ಚಿತು. ಆದರೆ ಮಾತು ಸರಿಯಾಗಿತ್ತು. ಗುರುವಾರ ಹೇಳದೆ ಕೇಳದೆ ಗುಬ್ಬಿಗೆ ಹೋಗಿ, ಹನ್ನೊಂದರ ಹೊತ್ತಿಗೆ ತೋಟ ಸೇರಿದೆ. ಮಾವ ಇರಲಿಲ್ಲ. ಕಲ್ಲುಗೋಡೆ, ತಗಡಿನ ಸೂರಿನ ಮೋಟರ್ ಮನೆಯೊಳಗೆ ಒಂದು ಮೊಳೆ, ಮೊಳೆಗೆ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಫೋನು ಬಿಸಿಯಾಗಿ ನೇತಾಡುತ್ತಿತ್ತು. ಸಿಗ್ನಲ್ ಒಂದು ಗೆರೆ ಬರುತ್ತಿತ್ತು, ಹೋಗುತ್ತಿತ್ತು. ಅತ್ತೆಗೆ ಜಾಗ ತಿಳಿಸಲು ಅದು ದಿನವಿಡೀ ಟವರ್ ಹುಡುಕಿ ಹುಡುಕಿ ಸುಸ್ತಾಗುತ್ತಿತ್ತು.

ಫಾಲ್ಟ್ ಸಿಕ್ಕಿತು. ಮಾವ ಸಿಗಲಿಲ್ಲ. ಸಂತೋಷದಲ್ಲಿ ಫೋನನ್ನು ಜೇಬಿಗೆ ಹಾಕಿಕೊಂಡು ಅವರನ್ನು ಹುಡುಕಿ ಬಸ್ ಸ್ಟ್ಯಾಂಡ್ ಕಡೆ ಬಂದೆ. ನಾನು ಮಾಡಿದ ತಪ್ಪು ಇದೊಂದೇ.

ಮಳಿಗೆಯ ಎದುರಿನ ಹೋಟೆಲಿನ ಕೊನೆಯ ಟೇಬಲಿನಲ್ಲಿ ಮಾವ ಗೋಡೆಗೆ ಮುಖ ಮಾಡಿ ಕೂತಿದ್ದರು. ಎದುರಿಗೆ ಜಹಾಂಗೀರು. ನನ್ನನ್ನು ನೋಡಿ ತಿನ್ನುವುದನ್ನು ನಿಲ್ಲಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಜೇಬಿನಲ್ಲಿದ್ದ ಅವರ ಫೋನ್ ಹೊಡೆದುಕೊಂಡಿತು. ಅತ್ತೆ.

"ರೀ, ಹೋಟ್ಲಲ್ಲಿ ಏನ್ ಮಾಡ್ತಿದೀರ? ಇಲ್ಲಿ ಕಾಣ್ತಿದೆ ನನಗೆ."

ಮಾವ ಎರಡೂ ಕೈ ಜೋಡಿಸಿದರು. ಬೆರಳಿನಿಂದ ಪಾಕ ಇಳಿಯುತ್ತಿತ್ತು. ಲೈನ್‌ಮನ್ ಆಗಿ ಯಾರಿಗೂ ಬಗ್ಗದ ಮನುಷ್ಯ.

"ಅತ್ತೆ, ನಾನು" ಎಂದೆ. "ಫೋನ್ ಚೆಕ್ ಮಾಡೋಕೆ ನಾನೇ ತಗೊಂಡ್ಬಂದಿದೀನಿ. ಮಾವ ತೋಟದಲ್ಲೇ ಇದಾರೆ."

"ನೀವಾ? ಸರಿ, ಹಂಗಾದ್ರೆ ಊಟಕ್ಕೆ ಬನ್ನಿ" ಎಂದು ಇಟ್ಟರು. ಅತ್ತೆಗೆ ಸುಳ್ಳು ಹೇಳಿದೆನಲ್ಲ ಎಂದು ನನಗೆ ನಿಜಕ್ಕೂ ಬೇಜಾರಾಯಿತು. ವಾರಕ್ಕೆ ಒಂದೇ, ಅದಕ್ಕಿಂತ ಹೆಚ್ಚು ತಿನ್ನುವ ಹಾಗಿಲ್ಲ ಎಂದು ಮಾವನಿಂದ ಮಾತು ತೆಗೆದುಕೊಂಡೆ. ಹಾಗಿದ್ದ ಮೇಲೆ ಫೋನ್ ರಿಪೇರಿ ಯಾಕೆ ಬೇಕಿತ್ತು ಎಂದು ಕೇಳಿದೆ.

"ಫೋನ್ ಮಲಗೋ ಹೊತ್ತಿಗೆ ನಾನು ಮನೇಗೆ ಓಡ್ಬೇಕು. ಇಲ್ದಿದ್ರೆ ಯಾಕ್ ಆಫ್ ಆಯ್ತು ಅಂತ ಪಂಚಾಯ್ತಿ. ಅದು ಮೊಳೇಲಿ ಸಂಜೆವರ್ಗೂ ಬದುಕಿದ್ರೆ ಸಾಕಿತ್ತು ನಂಗೆ" ಎಂದರು. ಕೈ ತೊಳೆದು ಬಂದು, ಜೇಬಿನಿಂದ ಬೀಗದ ಕೈ ತೆಗೆದು ಟೇಬಲಿನ ಮೇಲಿಟ್ಟರು. "ಬೇಕರಿಯವ್ರಿಗೆ ನಾನೇ ಹೇಳ್ತೀನಿ ಬಿಡಿ. ಜಹಾಂಗೀರ್ ಇಲ್ಲೇ ಚೆನ್ನಾಗಿ ಮಾಡ್ತಾರೆ."

ಅತ್ತೆಯ ಬ್ಯಾಟರಿ

ಗುಬ್ಬಿಯ ಅಂಗಡಿ ಶುರುವಾಯಿತು. ಮಾವ ಬೆಳಗ್ಗೆ ಹತ್ತಕ್ಕೆ ಬಂದು ಫೋನನ್ನು ನನ್ನ ಟೇಬಲಿನ ಚಾರ್ಜರಿಗೆ ಹಾಕಿ ರಸ್ತೆಯಾಚೆಗೆ ಹೋಗುತ್ತಾರೆ, ಸಂಜೆ ಬಂದು ಒಯ್ಯುತ್ತಾರೆ. ಈಗ ಅದು ಮನೆ ಸೇರುವಾಗಲೂ ತುಂಬಿಯೇ ಇರುತ್ತದೆ. "ಬ್ಯಾಟರಿ ಅಂದ್ರೆ ನಮ್ಮಳಿಯಂದ್ರು" ಎಂದು ಮಾವ ನೆಂಟರಿಗೆಲ್ಲ ಹೇಳಿದ್ದಾರೆ. ಗಂಡ ಅಳಿಯನ ಅಂಗಡಿಯಲ್ಲೇ ಕೂತು ಸಹಾಯ ಮಾಡುತ್ತಾರೆಂದು ಅತ್ತೆಗೂ ಸಂತೋಷ. ಎಲ್ಲರೂ ಸುಖವಾಗಿದ್ದೆವು.

ಹೋದ ಸೋಮವಾರ ಅತ್ತೆ ಅಂಗಡಿಗೆ ಬಂದರು. "ನೋಡಿ, ನಂದೂ ಈಗ ಮಧ್ಯಾಹ್ನಕ್ಕೆ ಖಾಲಿ ಆಗ್ತಿದೆ. ಹೊಸ ಬ್ಯಾಟರಿ ಹಾಕ್ಬಿಡಿ."

"ಬ್ಯಾಟರಿ ಚೆನ್ನಾಗೇ ಇದೆ ಅತ್ತೆ" ಎಂದು ಅಭ್ಯಾಸ ಬಲದಿಂದ ಹೇಳಿ ಪಟ್ಟಿ ತೆಗೆದೆ. ಮಾವನ ಚುಕ್ಕೆ ಕಾಣುವ ಮ್ಯಾಪು ಬೆಳಗಿನಿಂದ ತೆರೆದೇ ಇತ್ತು. ಚುಕ್ಕೆ ನಮ್ಮ ಅಂಗಡಿಯ ಮೇಲೇ ಕೂತಿತ್ತು.

ಅತ್ತೆ ಮ್ಯಾಪು ನೋಡಿದರು, ಅಂಗಡಿ ನೋಡಿದರು, ಮಾವ ಕೂತಿರಬೇಕಿದ್ದ ಖಾಲಿ ಸ್ಟೂಲ್ ನೋಡಿದರು. ಆಮೇಲೆ ಚಾರ್ಜರಿನ ವೈರ್ ಹಿಡಿದು ಅವರ ಕಣ್ಣು ಮೆಲ್ಲಗೆ ನಡೆಯಿತು. ವೈರಿನ ತುದಿಯಲ್ಲಿ ಮಾವನ ಫೋನು. ಮೂವತ್ತು ವರ್ಷ ಲೈನ್‌ಮನ್ ಜೊತೆ ಸಂಸಾರ ಮಾಡಿದವರು, ಫಾಲ್ಟ್ ಹಿಡಿಯಲು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನಂದು ಸರಿ ಆಗೋಕೆ ಎಷ್ಟೊತ್ತು?" ಎಂದರು ಬಹಳ ಶಾಂತವಾಗಿ.

"ಅರ್ಧ ಗಂಟೆ ಅತ್ತೆ."

"ಮಾಡ್ತಿರಿ. ಹೋಟ್ಲಲ್ಲಿ ಒಂದು ಕಾಫಿ ಕುಡ್ಕೊಂಡು ಬರ್ತೀನಿ."

ಅತ್ತೆ ಹೋಟೆಲಿನ ಕಾಫಿ ಕುಡಿದದ್ದನ್ನು ನಾನು ಈವರೆಗೆ ಕಂಡಿಲ್ಲ. ಸೆರಗು ಸಿಕ್ಕಿಸಿಕೊಂಡು ರಸ್ತೆ ದಾಟತೊಡಗಿದರು. ಮಳಿಗೆ, ಬೀಗದ ಕೈ, ಬೇಕರಿ, ಎಲ್ಲ ಒಟ್ಟಿಗೆ ನನ್ನ ಕಣ್ಣ ಮುಂದೆ ಬಂದವು. ಹೇಗಾದರೂ ಎಚ್ಚರಿಸಬೇಕೆಂದು ಮಾವನಿಗೆ ಫೋನ್ ಮಾಡಿದೆ.

ನನ್ನ ಟೇಬಲಿನ ಮೇಲೆ, ಚಾರ್ಜರಿನಲ್ಲಿದ್ದ ಫೋನು ಜೋರಾಗಿ ಹೊಡೆದುಕೊಂಡಿತು. ನೂರಕ್ಕೆ ನೂರು ಚಾರ್ಜ್ ಇತ್ತು.