ನಿಂಬೆಹಣ್ಣಿಗೂ ಒಂದೇ ರೂಲು

ನಾನು ಎಲ್ಲಿಗೆ ಹೋದರೂ ತಂಟೆ ನನಗಿಂತ ಮೊದಲೇ ಹೋಗಿ ಜಾಗ ಹಿಡಿದಿರುತ್ತೆ. ತೊಂಬತ್ತರ ದಶಕದಲ್ಲಿ ಉತ್ತರ ಕೆರೊಲಿನಾದ ಒಂದು ಬಟ್ಟೆ ಗಿರಣಿಯಲ್ಲಿ ಇಂಜಿನಿಯರ್ ಆಗಿದ್ದೆ. ಕನ್ನಡ ಮಾತು ಕೇಳಬೇಕು ಅಂದರೆ ಅಟ್ಲಾಂಟಾವರೆಗೆ ಡ್ರೈವ್ ಮಾಡಬೇಕಿತ್ತು. ಶನಿವಾರ ಸಂಜೆ ಊರಿಗೆ ಊರೇ ಕಾರ್ ರೇಸಿನ ಟ್ರ್ಯಾಕಿನಲ್ಲಿರುತ್ತಿತ್ತು. ಮೈಸೂರಿನಲ್ಲಿ ಸೈಕಲ್ ರೇಸು ಕೂಡ ನೋಡದ ನಾನು ಅಲ್ಲಿ ಹೋಗಿ ಸಿಕ್ಕಿಹಾಕಿಕೊಂಡೆ. ಈಗ ನೆನೆಸಿಕೊಂಡರೆ ಎಷ್ಟು ಚೆನ್ನಾಗಿದ್ದವಪ್ಪಾ ಆ ಸಂಜೆಗಳು!

ಬಾಯಿ ಬಿಟ್ಟು ಕೆಟ್ಟೆ

ನಮ್ಮ ನಿಮ್ಮ ಕಾರಿನಂಥವೇ ಹಳೇ ಗಾಡಿಗಳನ್ನ ಗಟ್ಟಿ ಮಾಡಿ ದುಂಡಗಿನ ಟ್ರ್ಯಾಕಿನಲ್ಲಿ ಓಡಿಸೋದೇ ಅಲ್ಲಿನ ರೇಸು. ಗಾಡಿಯ ಮೂತಿ ನೆಲಕ್ಕೆ ಹತ್ತಿರವಾದಷ್ಟೂ ಟ್ರ್ಯಾಕನ್ನು ಕಚ್ಚಿಕೊಂಡು ಓಡುತ್ತೆ. ಅದಕ್ಕೇ ಒಂದು ರೂಲು. ರೇಸ್ ಮುಗಿದ ಮೇಲೆ ಗೆದ್ದ ಗಾಡಿಯ ಮೂತಿಯ ಕೆಳಗೆ ಅಳತೆಗೆ ಕೊಯ್ದ ಒಂದು ಸಣ್ಣ ಮರದ ದಿಮ್ಮಿ ತೂರಿಸುತ್ತಾರೆ. ಏನಾದರೂ ತಗುಲಿದರೆ ಗೆಲುವು ಕ್ಯಾನ್ಸಲ್.

ನಾನು ಮೊದಲು ಹೋದ ದಿನ ಪರ ಊರಿನವನೊಬ್ಬನ ಗಾಡಿಗೆ ದಿಮ್ಮಿ ತಗುಲಿತು, ಗೆಲುವು ಹೋಯಿತು. ಮುಂದಿನ ವಾರ ಊರಿನ ಚಾಂಪಿಯನ್‌ ಗಾಡಿಗೂ ತಗುಲಿತು. ತಪಾಸಣೆಯ ಚೀಫ್, ಬಾಯಲ್ಲಿ ಸದಾ ಹಲ್ಲುಕಡ್ಡಿ ಇಟ್ಟುಕೊಂಡಿರುತ್ತಿದ್ದ ಅಜ್ಜ, "ಇನ್ಮೇಲೆ ಹುಷಾರಾಗಿರಪ್ಪ" ಅಂತ ಬೆನ್ನು ತಟ್ಟಿ ಕಳಿಸಿಬಿಟ್ಟ!

ನನಗೆ ತಡೆಯಲಿಲ್ಲ. "ಇದೆಲ್ಲಿಯ ನ್ಯಾಯ ಸಾರ್? ತಪ್ಪು ಒಂದೇ ಅಂದ್ಮೇಲೆ ಶಿಕ್ಷೆನೂ ಒಂದೇ ಇರಬೇಕಲ್ವಾ?" ಅಂದೆ.

"ಅವನೂ ನಾನೂ ಒಂದೇ ಚರ್ಚಿಗೆ ಹೋಗ್ತೀವಿ" ಅಂದ ಅಜ್ಜ.

"ದಿಮ್ಮಿ ಯಾವ ಚರ್ಚಿಗೆ ಹೋಗುತ್ತೆ?"

ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿ ದಿಮ್ಮಿಯನ್ನ ನನ್ನ ಕೈಗೇ ಕೊಟ್ಟ. "ಬರೋ ಶನಿವಾರದಿಂದ ನೀನೇ ಅಳೆ. ಬೈಗುಳಾನೂ ನೀನೇ ತಿನ್ನು."

ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಬಾತ್‌ರೂಮಿನ ಬಲ್ಬು ಹಾಕಿ ಅಂತ ಎಷ್ಟು ದಿನದಿಂದ ಬಡ್ಕೋತಿದೀನಿ. ಅದಕ್ಕೆ ಟೈಮಿಲ್ಲ, ಊರವರ ಕಾರು ಅಳೆಯೋಕೆ ಟೈಮಿದೆ!" ಅಂದಳು.

ಊಟ ಜಾಸ್ತಿಯಾಯಿತು

ಅದೇ ಚಾಂಪಿಯನ್ ಮತ್ತೆ ಗೆದ್ದ. ನೋಡಿದರೆ ಮೂತಿಯ ಕೆಳಗೆ ಒಂದು ರಬ್ಬರ್ ಪಟ್ಟಿ ಇಳಿಬಿಟ್ಟಿದ್ದಾನೆ. ದಿಮ್ಮಿ ಹೋಗಿ ಅದಕ್ಕೇ ತಗುಲಿತು.

"ಬೆಳಿಗ್ಗೆ ಸರಿಯಾಗಿತ್ತು. ಮಧ್ಯಾಹ್ನ ಬಾರ್ಬೆಕ್ಯೂ ಸ್ವಲ್ಪ ಜಾಸ್ತಿ ತಿಂದೆ, ಭಾರಕ್ಕೆ ಕುಸಿದಿದೆ" ಅಂದ.

"ಹಾಗಾದರೆ ಇಳಿದು ಬಾ" ಅಂದೆ. ಇಳಿದ. ಮತ್ತೆ ತೂರಿಸಿದೆ, ಮತ್ತೆ ತಗುಲಿತು. ಗೆಲುವು ಕ್ಯಾನ್ಸಲ್ ಅಂತ ಹೇಳಿಬಿಟ್ಟೆ.

ಅವನ ಮುಖ ಕೆಂಪಾಯಿತು. "ನಿನಗೆ ಬೇಕಾದೋರು ಒಂದಿನ ಈ ದಿಮ್ಮಿ ಮುಂದೆ ಬರ್ತಾರೆ. ಆವತ್ತು ನಾನು ಇಲ್ಲೇ ನಿಂತ್ಕೊಂಡು ನೋಡ್ತೀನಿ" ಅಂದ. ಅಜ್ಜ ಮಾತ್ರ ಗಾಡಿಯೊಳಗೆ ಬಗ್ಗಿ ನೋಡಿ, "ಬಾರ್ಬೆಕ್ಯೂ ಸೀಟಲ್ಲೇ ಬಿಟ್ಟು ಬಂದಿಲ್ಲ ತಾನೇ?" ಅಂತ ಕೇಳಿದ.

ಆಯುಧಪೂಜೆ

ನಮ್ಮ ಎದುರುಮನೆಯವನು ಪ್ಲಂಬರ್. ನಾವು ಹೊಸದಾಗಿ ಬಂದಾಗ ಚಳಿಗೆ ನಮ್ಮ ಕಾರು ಸ್ಟಾರ್ಟ್ ಆಗದೆ ನಿಂತರೆ ಕರೆಯದೇ ಓಡಿಬರುತ್ತಿದ್ದ ಮನುಷ್ಯ. ನನ್ನ ಹೆಂಡತಿಗೆ ಅವನು ಒಡಹುಟ್ಟಿದ ಅಣ್ಣನ ಹಾಗೆ. ಅವನೂ ರೇಸಿಗೆ ಬರುತ್ತಿದ್ದ, ಒಂದು ಸಲವೂ ಗೆದ್ದಿರಲಿಲ್ಲ. ಟ್ರೋಫಿಗೆ ಅಂತ ಮನೆಯ ಹಾಲ್‌ನಲ್ಲಿ ಒಂದು ಶೆಲ್ಫ್ ಹೊಡೆಸಿ ಖಾಲಿ ಇಟ್ಟಿದ್ದ. ಅವನ ಹೆಂಡತಿ ಅಲ್ಲಿ ಹೂಕುಂಡ ಇಡಲು ಹೋದರೆ ಬಿಡುತ್ತಿರಲಿಲ್ಲ, ಪಾಪ.

ಆಯುಧಪೂಜೆ ದಿನ ನನ್ನವಳು ನಮ್ಮ ಕಾರಿಗೆ ಕುಂಕುಮ ಇಟ್ಟು, ಹೂ ಮುಡಿಸಿ, ಆರತಿ ಎತ್ತುತ್ತಿದ್ದಾಗ ಅವನು ಬಂದು ನಿಂತ.

"ಇದೇನಿದು?"

"ಗಾಡಿಗೆ ದೃಷ್ಟಿಯಾಗಬಾರದು, ಒಳ್ಳೇದಾಗಲಿ ಅಂತ."

"ನನ್ನ ರೇಸ್ ಕಾರಿಗೂ ಮಾಡ್ತೀರಾ?"

ಕೇಳಬೇಕೇ! ಶನಿವಾರ ನಾನು ಟ್ರ್ಯಾಕಿಗೆ ಹೊರಟ ಮೇಲೆ ಇವಳು ಎದುರುಮನೆಗೆ ಹೋಗಿ ಸಾಂಗವಾಗಿ ಪೂಜೆ ಮಾಡಿದ್ದಾಳೆ. ಕೊನೆಗೆ ಅವನು, "ಅಷ್ಟೇನಾ? ಇನ್ನೂ ಸ್ಟ್ರಾಂಗಾಗಿರೋದು ಏನೂ ಇಲ್ವಾ?" ಅಂತ ಕೇಳಿದನಂತೆ.

ದಿಮ್ಮಿ

ಅವತ್ತು ಪ್ಲಂಬರ್ ಗೆದ್ದುಬಿಟ್ಟ! ನಾನೂ ಎದ್ದು ಕುಣಿದೆ. ಗಾಡಿ ತಪಾಸಣೆಗೆ ಬಂತು. ಅವನ ಕಣ್ಣಲ್ಲಿ ನೀರು. ಪಕ್ಕದಲ್ಲಿ ಅವನ ಜೊತೆಗೇ ಬಂದಿದ್ದ ನನ್ನ ಹೆಂಡತಿ, ಅವಳ ಪಕ್ಕ ಕೈಕಟ್ಟಿಕೊಂಡು ಚಾಂಪಿಯನ್.

ದಿಮ್ಮಿ ತೂರಿಸಿದೆ. ಮೆತ್ತಗೆ ಏನೋ ತಗುಲಿತು. ಬಗ್ಗಿ ನೋಡಿದರೆ ದಾರದಲ್ಲಿ ಪೋಣಿಸಿದ ನಿಂಬೆಹಣ್ಣು, ಮೆಣಸಿನಕಾಯಿ ಜೋತಾಡುತ್ತಿವೆ.

"ರೀ, ಅದು ದೇವರದ್ದು ಕಣ್ರೀ" ಅಂದಳು ಹೆಂಡತಿ, ಸಣ್ಣ ದನಿಯಲ್ಲಿ.

"ನಂದು ರಬ್ಬರು, ಅವನದು ಹಣ್ಣು. ತಗುಲಿದ್ದು ತಗುಲಿದ್ದೇ" ಅಂದ ಚಾಂಪಿಯನ್.

ನಿಂಬೆಹಣ್ಣಿನಿಂದ ಗಾಡಿ ಓಡಲ್ಲ ಅಂತ ನನಗೆ ಗೊತ್ತು. ಆದರೆ ರೂಲಿನಲ್ಲಿ "ಏನೇ ತಗುಲಿದರೂ" ಅಂತಿದೆ. ಆ ಖಾಲಿ ಶೆಲ್ಫೇ ಕಣ್ಣ ಮುಂದೆ ಬರುತ್ತಿತ್ತು. ಅಜ್ಜನ ಕಡೆ ನೋಡಿದರೆ ಅವನು ಆಕಾಶ ನೋಡುತ್ತಿದ್ದಾನೆ. ಕ್ಯಾನ್ಸಲ್ ಅಂದೆ.

ಪ್ಲಂಬರ್ ದಾರ ಬಿಚ್ಚಿಕೊಂಡು, ಗಾಡಿ ತಳ್ಳಿಕೊಂಡು ಹೋದ. ಮನೆಯಲ್ಲಿ ಒಂದು ವಾರ ನನ್ನ ತಟ್ಟೆಗೆ ಬರೀ ಮೊಸರನ್ನ, ಅದರ ಪಕ್ಕ ಉಪ್ಪಿನಕಾಯಿ. ಬೇಕಂತಲೇ ನಿಂಬೆಕಾಯಿದು.

ಎಲ್ಲರಿಗೂ ಒಂದೇ

ಮುಂದಿನ ಶನಿವಾರ ಸೀಸನ್ನಿನ ಕೊನೇ ರೇಸು. ನಾನು ಹೋಗುವಷ್ಟರಲ್ಲಿ ಚಾಂಪಿಯನ್ ಅಜ್ಜನ ಜೊತೆ ಜಗಳಕ್ಕೆ ನಿಂತಿದ್ದ.

"ಅವನಿಗೆ ಇನ್‌ಸ್ಪೆಕ್ಟರ್ ಹೆಂಡ್ತಿ ಪೂಜೆ ಮಾಡ್ಕೊಟ್ಟಿದಾಳೆ. ಹುಟ್ಟಿದಾಗಿಂದ ಸೋಲ್ತಿದ್ದೋನು ಗೆದ್ದ! ನನಗ್ಯಾಕಿಲ್ಲ? ಕೊಟ್ರೆ ಎಲ್ಲರಿಗೂ ಕೊಡಲಿ, ಇಲ್ಲಾ ಯಾರಿಗೂ ಬೇಡ."

ಹಿಂದೆ ನಿಂತಿದ್ದ ಡ್ರೈವರುಗಳೆಲ್ಲ ಹೌದು ಹೌದು ಅಂದರು. ಅಜ್ಜ ಹಲ್ಲುಕಡ್ಡಿ ತೆಗೆದು ನನಗೆ ಹೇಳಿದ: "ಎಲ್ಲರಿಗೂ ಒಂದೇ ಅಂದೋನು ನೀನೇ ತಾನೇ? ಹೋಗು, ಹೆಂಡ್ತಿನ ಕರ್ಕೊಂಡು ಬಾ."

ಇವಳಿಗೆ ಸಂಭ್ರಮವೋ ಸಂಭ್ರಮ. ದಾರಿಯಲ್ಲಿ ಗ್ರೋಸರಿ ಸ್ಟೋರಿನ ನಿಂಬೆಹಣ್ಣನ್ನೆಲ್ಲ ಬಾಚಿಕೊಂಡಳು. ಅಷ್ಟು ದೊಡ್ಡ ದೊಡ್ಡ ಆಳುಗಳು ಟೋಪಿ ತೆಗೆದು ಸಾಲಾಗಿ ನಿಂತರು, ಹಣೆಗೆ ಕುಂಕುಮವನ್ನೂ ಇಡಿಸಿಕೊಂಡರು. ದಾರವನ್ನ ನಾನೇ ಎಲ್ಲ ಗಾಡಿಗೂ ಬಾನೆಟ್ ಮೇಲೆ, ದಿಮ್ಮಿಗೆ ಎಟುಕದ ಹಾಗೆ ಕಟ್ಟಿದೆ.

ರೇಸ್ ಶುರುವಾಯಿತು. ಕೊನೇ ಸುತ್ತಿನಲ್ಲಿ ಚಾಂಪಿಯನ್ ಮುಂದಿದ್ದ. ಕೊನೇ ತಿರುವಿನಲ್ಲಿ ಪ್ಲಂಬರ್ ಒಳಗಿನಿಂದ ನುಗ್ಗಿ ಕೂದಲೆಳೆಯಲ್ಲಿ ಗೆದ್ದ! ದಿಮ್ಮಿ ತೂರಿಸಿದೆ. ಅದು ಏನಕ್ಕೂ ತಗುಲದೆ ಆ ಕಡೆ ಹೊರಗೆ ಬಂತು. ಪ್ಲಂಬರ್ ನನ್ನನ್ನ ತಬ್ಬಿಕೊಂಡು ಮಗುವಿನ ಹಾಗೆ ಅತ್ತ. ನಾನೂ ಅತ್ತೆ, ಅದಕ್ಕೇನಂತೆ.

"ತಡೀರಿ!" ಅಂತ ಕೂಗಿದ ಚಾಂಪಿಯನ್. ತನ್ನ ಗಾಡಿಯ ದಾರ ಕಿತ್ತು ತಂದು ಪ್ಲಂಬರನ ದಾರದ ಪಕ್ಕ ಹಿಡಿದ. "ನೋಡಿ, ಅವನದರಲ್ಲಿ ಒಂದು ಮೆಣಸಿನಕಾಯಿ ಜಾಸ್ತಿ ಇದೆ!"

ಅಜ್ಜ ಕನ್ನಡಕ ಏರಿಸಿಕೊಂಡು ಎಣಿಸಿದ. ಹೌದು, ಒಂದು ಜಾಸ್ತಿ. ರೂಲ್ ಪುಸ್ತಕ ತಿರುವಿ ಹಾಕಿ, "ಮೆಣಸಿನಕಾಯಿ ಬಗ್ಗೆ ಇದರಲ್ಲಿ ಏನೂ ಬರೆದಿಲ್ಲ. ಟ್ರೋಫಿ ಪ್ಲಂಬರ್‌ಗೆ" ಅಂದ.

ನಾನು ಹೆಂಡತಿಯ ಕಡೆ ತಿರುಗಿದೆ. "ಏನೇ ಇದು? ಎಲ್ಲರಿಗೂ ಒಂದೇ ಅಂತ ಹೇಳಿರಲಿಲ್ವಾ?"

ಅವಳು ಸೆರಗು ಸರಿಮಾಡಿಕೊಂಡು ಅಂದಳು: "ರೂಲು ನಿಮ್ಮ ಟ್ರ್ಯಾಕಿಗೆ ಇಟ್ಕೊಳ್ಳಿ. ಎದುರುಮನೆಯೋರಿಗೂ ಕಂಡೋರಿಗೂ ಒಂದೇ ಥರ ಬಡಿಸೋಕಾಗುತ್ತೇನ್ರೀ?"